ಏಳನೇ ಗಜದ ಗೆರೆ

ಬೆಳಿಗ್ಗೆ ಎದ್ದಾಗಿನಿಂದ ಡೆಲ್ಮರ್ ಸ್ಟ್ರೌಡನಿಗೆ ತನ್ನ ಎಡಗೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತೋಚುತ್ತಿರಲಿಲ್ಲ. ಕೋಟಿನ ಎಡ ಎದೆಜೇಬಿನಲ್ಲಿ ಅವನ ಹೆಂಡತಿ ಅಯೋನ್ ಇದ್ದಳು. ಇಡೀ ಅಯೋನ್ ಅಲ್ಲ, ಒಂದು ಹಿಡಿ ಬೂದಿ. ಉಳಿದವಳನ್ನು ವಸಂತದಲ್ಲೇ ಒಹಾಯೊ ನದಿಗೆ ಬಿಟ್ಟಾಗಿತ್ತು. ಈ ಹಿಡಿಯನ್ನು ಮಾತ್ರ ಅವಳದೇ ಲವಂಗದ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ ಈ ಶನಿವಾರಕ್ಕೆಂದೇ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದ. ಕೈಯನ್ನು ಜೇಬಿನ ಮೇಲಿಟ್ಟರೆ ಎದೆನೋವಿನವನ ಹಾಗೆ ಕಾಣುತ್ತಾನೆ. ತೆಗೆದರೆ ಅವಳನ್ನು ನಡುರಸ್ತೆಯಲ್ಲಿ ಬಿಟ್ಟು ನಡೆದ ಹಾಗಾಗುತ್ತದೆ. ಪೆಟ್ರೋಲ್ ಹಾಕಿಸುವಾಗ ಬಂಕಿನವನು ಕೇಳಿಯೂಬಿಟ್ಟ: "ಏನಣ್ಣ, ಎದೆ ಹಿಡ್ಕೊಂಡಿದೀಯ? ಇವತ್ತು ಸಾಯ್ಬೇಡಪ್ಪ, ಮಾರ್ಬರಿ ಮೇಲೆ ಆಟ ಇದೆ. ನಾಳೆ ಭಾನುವಾರ, ಬಿಡುವಾಗಿ ಸಾಯಿ." ಡೆಲ್ಮರ್ ನಕ್ಕ. ನಕ್ಕಿದ್ದಕ್ಕೆ ಅವನಿಗೆ ಒಳಗೇ ನಾಚಿಕೆಯಾಯಿತು. ಅಯೋನ್ ಇದ್ದಿದ್ದರೆ ತಾನೇ ಮೊದಲು ನಗುತ್ತಿದ್ದಳು ಎಂದು ಸಮಾಧಾನ ಮಾಡಿಕೊಂಡ. ಆದರೆ ಅವಳು ಇದ್ದಳಲ್ಲ, ಅಲ್ಲೇ, ಜೇಬಿನಲ್ಲಿ, ನಗಲಿಲ್ಲ.

ನಮ್ಮ ಹ್ಯಾಲೆಕ್ ಕಾಲೇಜಿನ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್ಬಾಲಿನ, ತಂಡದ ಹೆಸರು ಕಮ್ಮಾರರು. ಭೂಮಂಡಲದಲ್ಲಿ ಇದಕ್ಕಿಂತ ಹಳೆಯ ತಂಡ ಇನ್ನೊಂದಿಲ್ಲ; ಇದೆ ಎನ್ನುವವರು ಸುಳ್ಳು ಹೇಳುತ್ತಾರೆ ಇಲ್ಲವೇ ಮಾರ್ಬರಿಯವರಾಗಿರುತ್ತಾರೆ. ನಮ್ಮ ಹುಡುಗರು ಮೈದಾನಕ್ಕೆ ಇಳಿಯುವ ಮುನ್ನ ಬಾಗಿಲಲ್ಲಿರುವ ಕಮ್ಮಾರಸಾಲೆಯ ಕಬ್ಬಿಣದ ಅಡಿಗಲ್ಲಿಗೆ ಸುತ್ತಿಗೆಯಿಂದ ಒಂದೊಂದು ಏಟು ಹಾಕುತ್ತಾರೆ. ಆ ಸದ್ದಿಗೆ ನದಿಯಾಚೆ ಕೆಂಟಕಿಯಲ್ಲಿ ಹಸುಗಳು ಕರು ಹಾಕಿಬಿಡುತ್ತವೆ. ಇನ್ನು ಆ ಕೆಸರಿನ ಪಂದ್ಯ! ನದಿ ಉಕ್ಕಿ ಅರ್ಧ ಊರನ್ನು ನುಂಗಿದ ವರ್ಷ ಅದು. ಕೆಸರು ಆಟಗಾರರ ಸೊಂಟದವರೆಗೆ ಇತ್ತು. ಮಾರ್ಬರಿಯ ಕೊಕ್ಕರೆಗಳು, ಅಂದರೆ ಆ ತಂಡದವರು, ಒಬ್ಬೊಬ್ಬರೂ ಒಂದೊಂದು ಕಣಜದಷ್ಟು ದಪ್ಪ. ನಮ್ಮ ಗೋಲಿಗೆ ಏಳೇ ಗಜ ಉಳಿದಾಗ ನಾಲ್ಕು ಸಲ ಚೆಂಡು ಹಿಡಿದು ನುಗ್ಗಿದರು. ನಾಲ್ಕು ಸಲವೂ ಗಸ್ ಫೈಫರ್ ಎಂಬ ನಮ್ಮ ಮಹಾನುಭಾವ ಏಳನೇ ಗಜದ ಗೆರೆಯ ಮೇಲೆ ಅಡ್ಡಬಿದ್ದು ತಡೆದ. ಅವನ ಹಲ್ಲುಗಳನ್ನು ಆಮೇಲೆ ಟೋಪಿಯಲ್ಲಿ ಆಯ್ದುಕೊಂಡು ಬಂದರು. ಆಯ್ದದ್ದರಲ್ಲಿ ಬೇರೆಯವರ ಹಲ್ಲುಗಳೂ ಇದ್ದವು. ಪಂದ್ಯ ಸೊನ್ನೆ-ಸೊನ್ನೆ. ನಮ್ಮ ಊರಿನ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಗೆಲುವಿಲ್ಲ. ಗಸ್ ಮುದುಕನಾಗಿ ಸಾಯುವಾಗ, ನನ್ನನ್ನು ಗೋರಿಗೆ ಹಾಕಬೇಡಿ, ಆ ಗೆರೆಗೆ ಹಾಕಿ ಎಂದ. ಆಗಿನ ಮೈದಾನದವನು ಗೆರೆ ಎಳೆಯುವ ಸುಣ್ಣದ ಗಾಡಿಗೆ ಗಸ್‌ನ ಬೂದಿ ಬೆರೆಸಿ ಶುಕ್ರವಾರ ಸಂಜೆ ಏಳನೇ ಗಜವನ್ನು ಎಳೆದ. ಅಲ್ಲಿಂದ ಶುರುವಾಯಿತು. ಊರಲ್ಲಿ ಯಾರು ಸತ್ತರೂ ಒಂದು ಹಿಡಿ ಸುಣ್ಣಕ್ಕೆ. ಪಾದ್ರಿಯೂ ಅಲ್ಲೇ, ಪಾದ್ರಿಯನ್ನು ಬಯ್ಯುತ್ತಿದ್ದ ಕುಡುಕನೂ ಅಲ್ಲೇ. ಬೇರೆ ಊರಿನ ಮೈದಾನದಲ್ಲಿ ಆಡುವವರು ಹನ್ನೊಂದು ಜನ. ನಮ್ಮಲ್ಲಿ ಹನ್ನೊಂದು ಜನ ಮತ್ತು ಇಡೀ ಸ್ಮಶಾನ.

ಡೆಲ್ಮರ್ ಆ ಮೈದಾನದ ಕೂಗುಗಾರ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು, ಮೂರನೇ ಕ್ವಾರ್ಟರ್, ಮುಗಿದಾಗ ದಕ್ಷಿಣದ ಮೆಟ್ಟಿಲುಗಳ ಮೇಲೆ ಎದ್ದು ನಿಂತು ಊರನ್ನು ಪ್ರಶ್ನೆ ಕೇಳುವವನು ಅವನು. ಅವನಿಗೆ ಮೊದಲು ಅವನಪ್ಪ ಎಮರಿ ಕೇಳುತ್ತಿದ್ದ. ಅಭಿಮಾನವೆಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾವು ಡೆಲ್ಮರನನ್ನು ತೋರಿಸುತ್ತೇವೆ. ಮಾರ್ಬರಿಯವರ ಅಂಗಿ ಹಳದಿ. ಆದ್ದರಿಂದ ಡೆಲ್ಮರ್ ಸಾಸೇಜಿಗೆ ಸಾಸಿವೆ ಹಚ್ಚುವುದಿಲ್ಲ, ಜೋಳ ಮುಟ್ಟುವುದಿಲ್ಲ, ಮೊಟ್ಟೆಯ ಬಿಳಿಯನ್ನು ತಿಂದು ನಡುವಿನದನ್ನು ನಾಯಿಗೆ ಹಾಕುತ್ತಾನೆ. ನಾಯಿಯೂ ಒಮ್ಮೆ ಯೋಚಿಸಿಯೇ ಬಾಯಿ ಹಾಕುತ್ತದೆ. ಅತಿಥಿ ತಂಡದ ಬಾಗಿಲ ಪಕ್ಕದಲ್ಲಿ ಕಾಲೇಜಿನವರು ಮರ್ಯಾದೆಗೆಂದು ಹಳದಿ ಸೇವಂತಿಗೆಯ ಪಾತಿ ಮಾಡಿಸಿದ್ದಾರೆ. ಒಳಗೆ ಹೋಗುವಾಗ ಆ ಪಾತಿಗೆ ಉಗಿದು ಹೋಗುವುದು ಊರಿನ ರೂಢಿ. ಡೆಲ್ಮರ್ ಉಗಿಯುವುದನ್ನು ನೋಡಲು ಪಕ್ಕದ ಊರುಗಳಿಂದ ಜನ ಬರುತ್ತಾರೆ. ಹತ್ತು ಹೆಜ್ಜೆ ದೂರದಿಂದ, ಗಾಳಿಯ ದಿಕ್ಕು ನೋಡಿ, ಆಯ್ದುಕೊಂಡ ಒಂದೇ ಹೂವಿನ ನೆತ್ತಿಗೆ ಸರಿಯಾಗಿ ಬೀಳಿಸುತ್ತಾನೆ. ಈ ಬೆಳಿಗ್ಗೆಯೂ ಬೀಳಿಸಿದ. ಜೇಬಿನ ಮೇಲಿನ ಕೈಯನ್ನು ಆಗ ಕೂಡ ತೆಗೆಯಲಿಲ್ಲ.

ಆಟಕ್ಕೆ ಇನ್ನೂ ಹೊತ್ತಿತ್ತು. ಖಾಲಿ ಮೆಟ್ಟಿಲುಗಳ ನಡುವೆ ಮೈದಾನ ಮಲಗಿತ್ತು, ಹೊಸದು, ಒಂದೇ ಸಮನೆಯ ಹಸಿರು, ಎಲ್ಲೂ ಒಂದು ಬೋಳು ಚುಕ್ಕೆಯಿಲ್ಲ. ಹುಲ್ಲಿನ ವಾಸನೆಗೆ ಬದಲಾಗಿ ಹೊಸ ಕಾರಿನೊಳಗಿನ ವಾಸನೆ. ಈ ಬೇಸಿಗೆಯಲ್ಲಿ ಹುಲ್ಲನ್ನು ತೆಗೆದು ಪ್ಲಾಸ್ಟಿಕ್ ಹಾಸಿದ್ದರು. ಗೆರೆಗಳನ್ನು ಇನ್ನು ಯಾರೂ ಎಳೆಯಬೇಕಾಗಿಲ್ಲ, ಕಾರ್ಖಾನೆಯಲ್ಲೇ ಬಿಳಿ ನೂಲಿನಿಂದ ನೇಯ್ದು ಬಂದಿದ್ದವು. ಅದಕ್ಕೂ ಮೊದಲು ನಡೆದ ಸಭೆಯಲ್ಲಿ ಡೆಲ್ಮರ್ ಎದ್ದು ನಿಂತು ಕೂಗಾಡಿದ್ದ: ನಮ್ಮ ಸತ್ತವರ ಗತಿಯೇನು? ಅವನ ಕೂಗಿಗೆ ಸಭಾಂಗಣದ ಗಾಜು ಬಿರುಕು ಬಿಟ್ಟಿತು ಎಂದು ಈಗಲೂ ಹೇಳುತ್ತೇವೆ. ಆಗ ಸಮಿತಿಯ ಮೇಜಿನ ಹಿಂದಿನಿಂದ ಎದ್ದವನು ವರ್ಲ್ ಕ್ಲೇಪೂಲ್. ಬೇರೆ ಯಾರಾಗಿದ್ದರೂ ಊರು ಅವನನ್ನು ಹರಿದು ಹಾಕುತ್ತಿತ್ತು. ವರ್ಲ್ ಮೈದಾನದವನು, ಗಸ್‌ನ ನಂತರ ಊರಿನ ಎಲ್ಲರನ್ನೂ ಸುಣ್ಣದ ಗಾಡಿಗೆ ಸುರಿದ ಕೈ ಅವನದು, ಡೆಲ್ಮರನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಅವನ ಮದುವೆಯಲ್ಲಿ ಉಂಗುರ ಮರೆತು ಬಂದವನು. ಮಣ್ಣು ಇದ್ದ ಹಾಗೇ ಇರುತ್ತೆ ಕಣ್ರಪ್ಪ, ಅವ್ರ ಮೇಲೆ ಒಂದು ಹೊದಿಕೆ ಹೊದಿಸ್ತೀವಿ ಅಷ್ಟೆ, ಎಂದಿದ್ದ ವರ್ಲ್. ಮುಂದಿನ ಸಾಲಿನ ಹೆಂಗಸರು ಕಣ್ಣು ಒರೆಸಿಕೊಂಡಿದ್ದರು. ಒಪ್ಪುವವರು ಕೈ ಎತ್ತಿ ಎಂದಾಗ ವರ್ಲ್ ಎತ್ತಿದ. ಅವನನ್ನು ನೋಡಿ ಊರು ಎತ್ತಿತು. ಊರನ್ನು ನೋಡಿ ಡೆಲ್ಮರನ ಕೈಯೂ ಅರ್ಧಕ್ಕೆ ಎದ್ದಿತ್ತು. ಅಯೋನ್‌ಗೆ ಏನು ಮಾಡೋಣ ಎಂದು ಹೊರಗೆ ಬಂದು ಕೇಳಿದಾಗ ವರ್ಲ್ ಅವನ ಹೆಗಲ ಮೇಲೆ ಕೈಯಿಟ್ಟು, "ಏಳನೇ ಗಜದಲ್ಲಿ ಎರಡು ಹಾಸು ಕೂಡೋ ಕಡೆ ಒಂದು ಹೊಲಿಗೆ ಅಂಟಿಸದೆ ಬಿಟ್ಟಿರ್ತೀನಿ. ಮಾರ್ಬರಿ ಆಟದ ದಿನ ಬೆಳಿಗ್ಗೆ ತಗೊಂಡು ಬಾ. ನಿನ್ನಪ್ಪನ ಪಕ್ಕದಲ್ಲೇ," ಎಂದಿದ್ದ.

ಅಪ್ಪನನ್ನು ಗೆರೆಗೆ ಹಾಕಿದ ಶುಕ್ರವಾರ ನೆನಪಾಯಿತು. ನೆನಪಾಯಿತು ಎನ್ನುವುದೇ ತಪ್ಪು, ಅದು ಅವನನ್ನು ಬಿಟ್ಟು ಹೋಗಿದ್ದೇ ಇಲ್ಲ. ಅಕ್ಟೋಬರಿನ ಬಿಸಿಲು ಬೇಲಿಯ ಮೇಲೆ ಜಾರುತ್ತಿತ್ತು. ಡೆಲ್ಮರ್ ಟೋಪಿ ತೆಗೆದು ನಿಂತಿದ್ದ. ವರ್ಲ್ ಮೈದಾನದ ಸಾಮಾನಿನ ಕೊಟ್ಟಿಗೆಯೊಳಗೆ ಹೋಗಿ ಬೆರೆಸಿಕೊಂಡು ಬಂದು, ಗಂಭೀರವಾಗಿ, ಹಸುಗೂಸನ್ನು ಮಲಗಿಸಿದ ಗಾಡಿಯ ಹಾಗೆ ಸುಣ್ಣದ ಗಾಡಿಯನ್ನು ತಳ್ಳಿದ. ಗೆರೆ ಹೊರಬಂತು. ಒಂದು ಕಡೆ, ಮೈದಾನದ ನಡುವಿಗೆ ಸ್ವಲ್ಪ ಈಚೆ, ಅದು ಒಂದಿಷ್ಟು ಕೊಂಕಿತು. ಎಮರಿ ಬಲಗಾಲನ್ನು ಎಳೆದು ನಡೆಯುತ್ತಿದ್ದ. ಅಪ್ಪನ ನಡಿಗೆ! ಡೆಲ್ಮರ್ ಬೇಲಿ ಹಿಡಿದುಕೊಂಡು ಅತ್ತಿದ್ದ. ಅಂದಿನಿಂದ ಮಾರ್ಬರಿಯ ಯಾವನಾದರೂ ಏಳನೇ ಗಜದ ಬಳಿ ಎಡವಿದರೆ ಡೆಲ್ಮರ್ ಪಕ್ಕದವರಿಗೆಲ್ಲ ಹೇಳುತ್ತಿದ್ದ: "ನೋಡಿದ್ರಾ? ನಮ್ಮಪ್ಪ ಕಾಲು ಕೊಟ್ಟ!" ಅಯೋನ್ ಹೆಣಿಗೆಯಿಂದ ತಲೆಯೆತ್ತದೆ, "ನಿಮ್ಮಪ್ಪ ಬದುಕಿದ್ದಾಗ್ಲೂ ಅದೇ ಕೆಲ್ಸ," ಎನ್ನುತ್ತಿದ್ದಳು. ಅವಳಿಗೆ ಆಟ ಗೊತ್ತಿರಲಿಲ್ಲ. ಪ್ರತಿ ವರ್ಷವೂ ಮೊದಲ ಪಂದ್ಯದಲ್ಲಿ, ಅವನನ್ನು ಕೆಣಕಲೆಂದೇ, "ನಮ್ಮೋರು ಯಾವ ಬಣ್ಣ?" ಎಂದು ಕೇಳುತ್ತಿದ್ದಳು. ಗೆರೆಗೆ ಹಾಕುವ ಮಾತು ಬಂದಾಗ, "ಆ ದಪ್ಪ ದಪ್ಪ ಹುಡುಗ್ರು ತುಳೀತಾರಲ್ಲೋ," ಎಂದಿದ್ದಳು. ಅದು ಒಪ್ಪಿಗೆಯೋ, ಬೇಡವೆಂದೋ? ಆಮೇಲೆ ಅವಳಿಗೆ ಉಸಿರಾಡುವುದೇ ಕಷ್ಟವಾಗಿ ಕೇಳಲಾಗಲಿಲ್ಲ. ಕೇಳಬಹುದಾಗಿದ್ದ ದಿನಗಳಲ್ಲಿ ಅವನು ಕಮ್ಮಾರರ ಹೊಸ ತರಬೇತುದಾರನ ಬಗ್ಗೆ ಮಾತಾಡುತ್ತಿದ್ದ.

ವರ್ಲ್ ಗೋಲು ಕಂಬದ ಹತ್ತಿರ ನಿಂತು ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಡೆಲ್ಮರನನ್ನು ಕಂಡೊಡನೆ ಅವನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಅವಳನ್ನ ತಂದ್ಯಾ?"

"ತಂದಿದೀನಿ." ಡೆಲ್ಮರ್ ಜೇಬು ತಟ್ಟಿದ. "ಎಲ್ಲಿ ಹೊಲಿಗೆ?"

ವರ್ಲ್ ಕಾಲಿನ ತುದಿಯಿಂದ ಹಸಿರನ್ನು ಒತ್ತಿದ. "ಅಂಟಿಸ್ಬಿಟ್ರು ಕಣೋ. ಆ ಕಂಪನಿ ಹುಡುಗ್ರು. ನಾನು ಊಟಕ್ಕೆ ಹೋಗಿದ್ದೆ, ಬರೋದ್ರೊಳಗೆ ಎಲ್ಲ ಮುಗ್ಸಿದ್ರು."

"ಚಾಕು ಕೊಡು. ಒಂದು ಗೇಣು ಕೊಯ್ತೀನಿ, ಮಣ್ಣಿಗೆ ಸೇರ್ಸಿ ಮತ್ತೆ ಅಂಟ್ಸು."

"ಮಣ್ಣಿಲ್ಲ."

"ಏನಿಲ್ಲ?"

"ಕೆಳಗೆ ಮಣ್ಣಿಲ್ಲ, ಡೆಲ್ಮರ್. ಜಲ್ಲಿ. ಪ್ಲಾಸ್ಟಿಕ್ ಹಾಸ್ಬೇಕು ಅಂದ್ರೆ ಮಣ್ಣು ತೆಗೀಲೇಬೇಕಂತೆ, ನೀರು ಇಳ್ಯಲ್ವಂತೆ. ಎಲ್ಲ ಲಾರೀಲಿ ಹೋಯ್ತು. ಹೆದ್ದಾರಿ ಹತ್ರ ಆ ಹೊಸ ಅಂಗಡಿ ಕಟ್ಟಿದಾರಲ್ಲ, ಅಲ್ಲಿ ಗುಂಡಿ ತುಂಬಿದ್ರು."

ಡೆಲ್ಮರನ ಕಣ್ಣಿಗೆ ಮೊದಲು ಬಂದದ್ದು ಆ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ತಳ್ಳುಗಾಡಿಗಳು. ಹೋದ ವಾರ ಅವನೇ ಅಲ್ಲಿ ಗಾಡಿ ನಿಲ್ಲಿಸಿ ದೀಪದ ಬಲ್ಬು ತಂದಿದ್ದ. "ಹೊದಿಕೆ ಅಂದೆ," ಎಂದ. ಅವನ ದನಿ, ಕೆಂಟಕಿಯ ಹಸುಗಳನ್ನು ಬೆಚ್ಚಿಸುವ ಆ ದನಿ, ಪಕ್ಕದಲ್ಲಿ ನಿಂತ ನೊಣಕ್ಕೂ ಕೇಳಿಸುವ ಹಾಗಿರಲಿಲ್ಲ. "ಊರಿಗೆಲ್ಲ ಹೊದಿಕೆ ಅಂದೆ. ನೀನು ಮೊದ್ಲು ಕೈ ಎತ್ದೆ. ನಮ್ಮಪ್ಪನ್ನ ಲಾರೀಲಿ ಹಾಕಿ ಕಳ್ಸಿ, ನನ್ ಹೆಗಲ ಮೇಲೆ ಕೈ ಇಟ್ಯಲ್ಲೋ."

"ಲೇ, ಲೇ, ಅಳ್ಬೇಡ ಮಾರಾಯ." ವರ್ಲ್ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಅವನ ಮುಖದಲ್ಲಿ ತಪ್ಪು ಮಾಡಿದವನ ಛಾಯೆಯಿರಲಿಲ್ಲ. ಒಳ್ಳೆಯ ಸುದ್ದಿ ತಂದವನ ಹಿಗ್ಗು ಇತ್ತು. "ಅದ್ಕೇ ಹೇಳ್ತಾ ಇರೋದು ಕೇಳು. ನಿಮ್ಮಪ್ಪ ಲಾರೀಲಿ ಹೋಗಿಲ್ಲ. ಯಾರೂ ಹೋಗಿಲ್ಲ. ಅವ್ರು ಯಾರೂ ಇಲ್ಲಿ ಇರ್ಲೇ ಇಲ್ಲ ಕಣೋ!"

"ಅಂದ್ರೆ?"

"ಗಸ್ ಒಬ್ಬ ಇದ್ದ, ಹಳೇ ಗಾಡೀಲಿ. ನನ್ ಗಾಡಿ ಬಂದ್ಮೇಲೆ ಮೊದ್ಲು ಯಾರನ್ನೋ ಬೆರ್ಸಿದೆ, ನಳಿಕೆ ಕಟ್ಕೊಂಡ್ಬಿಡ್ತು. ಮೂಳೆ ಚೂರು ಇರುತ್ತಲ್ಲ, ಎಷ್ಟು ಪುಡಿ ಮಾಡಿದ್ರೂ. ಗೆರೆ ಎಳೆದ್ರೆ ಕೋಳಿ ಹೆಜ್ಜೆ ಥರ ಬಂತು. ತರಬೇತುದಾರ ನನ್ ಜನ್ಮ ಜಾಲಾಡ್ದ. ಆಮೇಲೆ ನಾನೇನ್ ಮಾಡ್ಲಿ? ನೀವೆಲ್ಲ ಟೋಪಿ ತೆಗೆದು ನಿಂತಿರ್ತಿದ್ರಿ. ಬರೀ ಸುಣ್ಣ ಎಳೀತಿದ್ದೆ. ಅವ್ರನ್ನ ಮರ್ಯಾದೆಯಿಂದಾನೇ ಕೊಟ್ಟಿಗೆ ಹಿಂದೆ ಪಾತಿಗೆ ಹಾಕ್ತಿದ್ದೆ. ಒಬ್ಬರನ್ನೂ ಚೆಲ್ಲಿಲ್ಲ, ದೇವರಾಣೆ."

"ಯಾವ ಪಾತಿ?"

ಮೈದಾನದ ಕೊಟ್ಟಿಗೆಯ ಹಿಂದೆ ಇರುವುದು ಒಂದೇ ಪಾತಿ. ಅದರ ಇನ್ನೊಂದು ಮಗ್ಗುಲು ಅತಿಥಿ ತಂಡದ ಬಾಗಿಲು.

"ಸೇವಂತಿಗೆ," ಎಂದ ಡೆಲ್ಮರ್.

"ಹೂವಿನ ಜಾಗ ಅಲ್ವೇನೋ? ಪ್ರತಿ ವರ್ಷ ಎಷ್ಟು ಚೆನ್ನಾಗಿ ಬಿಡುತ್ತೆ ನೋಡು."

"ಹಳದಿ ಹೂ."

"ಹೂ ಹೂವೇ."

"ನಾವು ಅಲ್ಲಿ ಉಗೀತೀವಿ ವರ್ಲ್. ಊರೇ ಉಗಿಯುತ್ತೆ. ನೀನು ನಮ್ ಜೊತೆ ನಿಂತ್ಕೊಂಡು ಉಗೀತಿದ್ಯಲ್ಲ!"

ವರ್ಲ್ ನೆಲ ನೋಡಿದ. "ನಾನು ಬರೀ ಸದ್ದು ಮಾಡ್ತಿದ್ದೆ," ಎಂದ. "ಬಾಯಲ್ಲಿ ಏನೂ ಇರ್ತಿರ್ಲಿಲ್ಲ." ಸಮಾಧಾನಕ್ಕೆಂಬಂತೆ ಸೇರಿಸಿದ: "ಮಳೆ ಬರುತ್ತಲ್ಲ. ತೊಳ್ಕೊಂಡು ಹೋಗುತ್ತೆ."

ಹೊಡೆಯಬೇಕೆನ್ನಿಸಿತು. ನಮ್ಮ ಡೆಲ್ಮರನ ಮುಷ್ಟಿಯ ಬಗ್ಗೆ ಹೇಳಲು ಹೊರಟರೆ ಬೇರೆಯೇ ಪುರಾಣವಾದೀತು. ಒಂದೇ ಗುದ್ದಿಗೆ ಎಮ್ಮೆಯೊಂದು ಧರ್ಮ ಬದಲಾಯಿಸಿದ ಕಥೆಯಿದೆ. ಆದರೆ ಅವನ ಎಡಗೈ ಜೇಬಿನ ಮೇಲಿತ್ತು, ಬಲಗೈಯೊಂದೇ ಅರ್ಧಕ್ಕೆ ಎದ್ದು ನಿಂತಿತು, ಆ ಸಭೆಯಲ್ಲಿ ಎದ್ದಷ್ಟೇ ಎತ್ತರಕ್ಕೆ. ವರ್ಲ್ ಅದನ್ನು ಹಿಡಿದು ಕುಲುಕಿಬಿಟ್ಟ. "ಅಯೋನ್‌ನ ಕೊಡು, ನಾನೇ ಹಾಕ್ತೀನಿ, ಒಳ್ಳೆ ಕಡೆ ನೋಡಿ. ನಿಮ್ಮಪ್ಪನ ಹತ್ರಾನೇ." "ಅಪ್ಪ ಯಾವ ಮೂಲೇಲಿ ಇದಾನೆ?" ಎಂದು ಡೆಲ್ಮರ್ ಕೇಳಿದ. ವರ್ಲ್ ಪಾತಿಯ ಕಡೆ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಗುರುತು ಇಟ್ಟುಕೊಳ್ಳಬೇಕೆಂದು ಅವನಿಗೆ ಹೊಳೆದಿರಲೂ ಇಲ್ಲ.

ಹೊರಗೆ ಪಿಕಪ್ ಗಾಡಿಗಳ ಹಿಂಬಾಗಿಲು ಇಳಿಸಿ ಊರು ಆಗಲೇ ಮಾಂಸ ಸುಡಲು ಕೆಂಡ ಹಾಕಿತ್ತು. ಕೊಬ್ಬು ತೊಟ್ಟಿಕ್ಕುವ ಹೊಗೆ, ತಣ್ಣನೆ ಬಿಯರ್, ಕಪ್ಪು-ಕೆಂಪು ಬಾವುಟಗಳು. ಆ ಹೊಗೆಯಿಂದ ಮೇಲೆ ಹೋಗುವ ವಿಮಾನಗಳು ದಾರಿ ತಪ್ಪುತ್ತವೆ. "ಕೂಗುಗಾರ ಬಂದ! ಗಂಟಲಿಗೆ ಏನಾದ್ರೂ ಹಾಕ್ಕೋ ಗುರುವೇ!" ಎಂದು ಯಾರೋ ಕೈಗೆ ತಟ್ಟೆ ಇಟ್ಟರು. ಅವನು ತಿಂದ. ನಡೆಯುತ್ತಲೇ ಅಗಿದ. ಸಾಸಿವೆ ಹಚ್ಚಿದ್ದರೋ ಇಲ್ಲವೋ ನೋಡಲಿಲ್ಲ. ಅವನಿಗೆ ಬಾಯೆಂಬ ಅಂಗದ ಬಗ್ಗೆಯೇ ಹೇಸಿಗೆ ಹುಟ್ಟಿತ್ತು. ಎಷ್ಟು ವರ್ಷ ಅಭ್ಯಾಸ ಮಾಡಿದ್ದ ಅದನ್ನು! ಹುಡುಗನಾಗಿದ್ದಾಗ ಬೇಲಿ ಕಂಬದ ಮೇಲೆ ಡಬ್ಬಿಗಳನ್ನಿಟ್ಟು ಗುರಿ ಕಲಿಸಿದವನೇ ಅಪ್ಪ. ನಾಲಿಗೆ ಮಡಚು, ಎದೆಯಿಂದ ತೆಗಿ, ಹೂವಿನ ನೆತ್ತಿ ನೋಡು, ಎಲೆಗೆ ಬಿದ್ರೆ ಲೆಕ್ಕಕ್ಕಿಲ್ಲ. ಅಪ್ಪ ಸತ್ತ ಮೇಲಿನ ಮೊದಲ ಪಂದ್ಯಕ್ಕೆ ಬಂದಾಗ, ಇದು ನಿನಗೆ ಅಪ್ಪ ಎಂದು ಮನಸ್ಸಿನಲ್ಲೇ ಹೇಳಿ ಎರಡು ಸಲ ಉಗಿದಿದ್ದ. ಜನ ಚಪ್ಪಾಳೆ ಹೊಡೆದಿದ್ದರು. ಈಗ ಅದೇ ಜನ ಸಾಲಾಗಿ ಅತಿಥಿ ಬಾಗಿಲ ಕಡೆ ನಡೆದಿದ್ದರು, ಕೆನ್ನೆ ಉಬ್ಬಿಸಿಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು. ನಿಲ್ಲಿ ಎನ್ನಬೇಕು. ಎಂದರೆ ಯಾಕೆ ಎನ್ನುತ್ತಾರೆ. ಡೆಲ್ಮರ್ ತಟ್ಟೆ ಹಿಡಿದು ನಿಂತ. ಪಾತಿಯ ಕಡೆಯಿಂದ ನಗು ಬಂತು, ಪಟಪಟ ಸದ್ದು ಬಂತು, ಒಬ್ಬನ ಗುರಿಗೆ ಶಿಳ್ಳೆ ಬಿತ್ತು. ಅವನು ಸುತ್ತು ಹಾಕಿ ಇನ್ನೊಂದು ಬಾಗಿಲಿನಿಂದ ಒಳಹೋದ.

ಮೆಟ್ಟಿಲ ಮೇಲೆ ಅವನ ಎಡಕ್ಕೆ ಅಯೋನ್‌ಳ ಜಾಗದಲ್ಲಿ ಅವಳೇ ಹೆಣೆದ ದಿಂಬು ಇತ್ತು. ಬಲಕ್ಕೆ ಮಿಸ್ ಒಪಲ್ ಬ್ರ್ಯಾಡಕ್, ಅವನಿಗೆ ಶಾಲೆಯಲ್ಲಿ ಅಕ್ಷರ ಕಲಿಸಿದವಳು, ಈಗ ಎರಡು ಕಂಬಳಿಗಳೊಳಗೆ ಒಂದು ಮೂಗು. ಅವಳ ಮಗ ರಸಲ್ ಕಲ್ಲುಗಣಿಯ ಕೊಳದಲ್ಲಿ ಮುಳುಗಿ ಸತ್ತಿದ್ದ. ಅವನನ್ನೂ ವರ್ಲ್ ಏಳನೇ ಗಜಕ್ಕೆ ಹಾಕಿದ್ದ. ಹಾಕಿದ್ದ ಎಂದು ಮಿಸ್ ಒಪಲ್ ಬೇಲಿಯ ಬಳಿ ನಿಂತು ನೋಡಿದ್ದಳು. ಅವಳು ಆಟ ನೋಡುತ್ತಿರಲಿಲ್ಲ. ಚೆಂಡು ಎಲ್ಲಿದ್ದರೂ ಅವಳ ಕಣ್ಣು ಆ ಒಂದು ಗೆರೆಯ ಮೇಲೆ. ಇನ್ನೊಂದು ತುದಿಯಲ್ಲಿ ನಮ್ಮವರು ಸಾಹಸ ಮಾಡಿ ಊರೇ ಎದ್ದು ಕುಣಿಯುವಾಗಲೂ ಅವಳು ಖಾಲಿ ಏಳನೇ ಗಜವನ್ನು ನೋಡುತ್ತ ಕೂತಿರುತ್ತಿದ್ದಳು. ಮಗ ಓದುವುದನ್ನು ಬಾಗಿಲಲ್ಲಿ ನಿಂತು ನೋಡುವ ತಾಯಿಯ ಹಾಗೆ ಎಂದು ಡೆಲ್ಮರನಿಗೆ ಯಾವಾಗಲೂ ಅನ್ನಿಸಿತ್ತು. ಇವತ್ತು ಅವನು ಅವಳಿಂದ ಒಂದಿಷ್ಟು ದಿಂಬಿನ ಕಡೆಗೆ ಸರಿದು ಕೂತ.

"ಎಷ್ಟು ಅಚ್ಚುಕಟ್ಟಾಗಿದೆ ಅಲ್ವೇನೋ ಹೊದಿಕೆ," ಎಂದಳು. "ಚಳಿಗಾಲದಲ್ಲಿ ಅವ್ನಿಗೆ ಬೆಚ್ಚಗಿರುತ್ತೆ."

"ಹೌದು, ಮಿಸ್ ಒಪಲ್."

"ನಿನ್ ಮುಖ ಯಾಕೆ ಹಿಟ್ಟಿನ ಹಾಗೆ ಬಿಳಿಚ್ಕೊಂಡಿದೆ? ಸೋಲ್ತೀವಿ ಅಂತಾನಾ? ಸೋಲೋದು ಹೊಸದೇನಪ್ಪ."

ಅಡಿಗಲ್ಲು ಮೊಳಗಿತು. ಹುಡುಗರು ಓಡಿ ಬಂದರು, ಒಬ್ಬೊಬ್ಬನೂ ಬೆಟ್ಟದ ಗಾತ್ರ, ವಾದ್ಯದವರ ಡೋಲಿಗೆ ಮೋಡ ಸರಿಯಿತು. ಎಂಥ ಆಟವಾಡಿದರು ಅಂದು! ಮೂರು ಸಲ ಚೆಂಡು ಬೀಳಿಸಿಕೊಂಡು ನಾಲ್ಕನೇ ಸಲ ಕೊಕ್ಕರೆಗಳ ಕೈಯಿಂದಲೇ ಕಿತ್ತುಕೊಂಡು ಓಡಿದ ಹುಡುಗನನ್ನು ಊರು ಇನ್ನು ನೂರು ವರ್ಷ ಮರೆಯುವುದಿಲ್ಲ. ಅವನು ತಪ್ಪು ದಿಕ್ಕಿಗೆ ಓಡಿದ್ದನ್ನು ಮಾತ್ರ ಮುಂದಿನ ವಾರದೊಳಗೆ ಮರೆತುಬಿಡುತ್ತೇವೆ. ಡೆಲ್ಮರ್ ನೋಡಿದ, ಆದರೆ ಅವನ ಕಣ್ಣಿಗೆ ಎಲ್ಲವೂ ಗಾಜಿನ ಹಿಂದಿನ ಅಂಗಡಿಯ ಹಾಗೆ ಕಂಡಿತು. ಮಾರ್ಬರಿಯವನೊಬ್ಬ ಏಳನೇ ಗಜದ ಬಳಿ ಎಡವಿ ಬಿದ್ದ. ಹಿಂದಿನ ಸಾಲಿನಿಂದ ಯಾರೋ ಡೆಲ್ಮರನ ಬೆನ್ನಿಗೆ ಗುದ್ದಿದರು. "ನಿಮ್ಮಪ್ಪ ಕಣೋ! ಪ್ಲಾಸ್ಟಿಕ್ ಒಳಗಿಂದ ಕಾಲು ಕೊಟ್ಟ!" ಮೆಟ್ಟಿಲುಗಳು ನಗುವಿನಿಂದ ಅದುರಿದವು. ನಗದವನು ಒಬ್ಬನೇ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಹಾಗಾದರೆ ಆ ಗೆರೆ ಯಾಕೆ ಕೊಂಕಿತ್ತು ಅಂದು? ಗಾಡಿಯ ಚಕ್ರಕ್ಕೆ ಕಲ್ಲು ಸಿಕ್ಕಿರಬೇಕು. ಒಂದು ಕಲ್ಲಿಗೆ ಅವನು ಅಷ್ಟು ಅತ್ತಿದ್ದ. ಒಂದು ಕಲ್ಲಿನ ಜೊತೆ ಇಷ್ಟು ವರ್ಷ ಮಾತಾಡಿದ್ದ: ಅಪ್ಪ, ಛಾವಣಿ ಸೋರುತ್ತಿದೆ, ಅಪ್ಪ, ಅಯೋನ್‌ಗೆ ಕೆಮ್ಮು ನಿಲ್ಲುತ್ತಿಲ್ಲ. ಅಪ್ಪ ಆಗ ನೂರು ಹೆಜ್ಜೆ ದೂರದಲ್ಲಿ, ಗೋಡೆಯಾಚೆ, ಮಗನ ಎಂಜಲು ಒರೆಸಿಕೊಳ್ಳಲು ಕೈಯಿಲ್ಲದೆ ಬಿದ್ದಿದ್ದ.

ಮೂರನೇ ಕ್ವಾರ್ಟರ್ ಮುಗಿದ ಶಿಳ್ಳೆ ಕೇಳಿತು. ವಾದ್ಯ ನಿಂತಿತು. ಇಡೀ ಮೈದಾನ ದಕ್ಷಿಣದ ಮೆಟ್ಟಿಲುಗಳ ಕಡೆ ತಿರುಗಿತು. ಅಷ್ಟು ಸಾವಿರ ಜನರ ಮೌನ ಒಮ್ಮೆಗೇ ಮೈಮೇಲೆ ಬೀಳುವುದು ಹೇಗಿರುತ್ತದೆಂದು ಬೇರೆಯವರಿಗೆ ತಿಳಿಯದು. ಒದ್ದೆ ಕಂಬಳಿಯ ಭಾರ ಅದಕ್ಕೆ. ಡೆಲ್ಮರ್ ಎದ್ದ. ಇನ್ನು ಕೂಗಬೇಕಾದದ್ದು ಮೂರೇ ಪ್ರಶ್ನೆ. ಮೈದಾನದ ಅಂಚಿನಲ್ಲಿ ವರ್ಲ್ ನಿಂತಿದ್ದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದ. ಹೇಳಿಬಿಡಬಹುದು ಎಂದು ಡೆಲ್ಮರನಿಗೆ ಹೊಳೆಯಿತು, ಎಷ್ಟು ಸುಲಭವಾಗಿ ಹೊಳೆಯಿತೆಂದರೆ ಭಯವಾಯಿತು. ಈ ದನಿಯಲ್ಲಿ ಒಂದೇ ವಾಕ್ಯ ಸಾಕು. ಊರು ಮೆಟ್ಟಿಲಿಳಿದು ಬಂದು ವರ್ಲ್‌ನನ್ನು ಚಿಂದಿ ಮಾಡುತ್ತದೆ. ಆಮೇಲೆ? ಆಮೇಲೆ ಪ್ರತಿಯೊಬ್ಬನೂ ತನ್ನ ಬಾಯಿಯನ್ನು ನೆನಪಿಸಿಕೊಳ್ಳುತ್ತಾನೆ. ಮಿಸ್ ಒಪಲ್ ಕಂಬಳಿಯಿಂದ ಒಂದು ಕೈ ಹೊರತೆಗೆದು, ಅವನಿಗೆ ಆಸರೆ ಕೊಡುವವಳ ಹಾಗೆ, ಅವನ ಕೋಟಿನ ಚುಂಗನ್ನು ಹಿಡಿದುಕೊಂಡಿದ್ದಳು.

"ಅಡಿಗಲ್ಲು ಯಾರದು?"

"ನಮ್ಮದು!"

"ಕೆಸರು ಯಾರದು?"

"ನಮ್ಮದು!"

ಮೂರನೆಯದಕ್ಕೆ ಮುನ್ನ ಅವನು ಜೇಬಿನ ಡಬ್ಬಿಯನ್ನು ಒತ್ತಿ ಹಿಡಿದ. ಊರು ಕಾಯಿತು. ಅಯೋನ್ ನೆನಪಾಗಿರಬೇಕು ಎಂದುಕೊಂಡಿತು ಊರು. ಹೆಂಗಸರ ಸಾಲಿನಲ್ಲಿ ಒಂದಿಬ್ಬರು ಬಿಕ್ಕಿದರು. ಆ ಬಿಕ್ಕು ಅವನನ್ನು ಹಿಂದಿನಿಂದ ತಳ್ಳಿತು.

"ಆ ಗೆರೆ ಯಾರದು?"

"ನಮ್ಮವರದು! ನಮ್ಮವರದು! ನಮ್ಮವರದು!"

ಅಂಥ ಕೂಗು ಹ್ಯಾಲೆಕ್‌ನಲ್ಲಿ ಹಿಂದೆಂದೂ ಎದ್ದಿಲ್ಲ. ನದಿ ಒಂದು ಕ್ಷಣ ಹಿಂದಕ್ಕೆ ಹರಿಯಿತು, ನೋಡಿದವರಿದ್ದಾರೆ. ಮಾರ್ಬರಿಯ ಹುಡುಗರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಎಲ್ಲರಿಗಿಂತ ಜೋರಾಗಿ, ಕತ್ತಿನ ನರ ಉಬ್ಬಿಸಿ, ಕಣ್ಣೀರು ಹರಿಸುತ್ತ ಕೂಗುತ್ತಿದ್ದವನು ವರ್ಲ್. ನಟಿಸುತ್ತಿರಲಿಲ್ಲ ಅವನು. ಡೆಲ್ಮರ್ ಎಷ್ಟು ಹೊತ್ತು ದಿಟ್ಟಿಸಿದರೂ ಆ ಮುಖದಲ್ಲಿ ನಟನೆ ಸಿಗಲಿಲ್ಲ. ಅದು ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಕೂತ. ಬೆವರಿದ್ದ.

ಮಿಸ್ ಒಪಲ್ ಅವನ ಕಿವಿಯ ಹತ್ತಿರ ಬಾಗಿದಳು. "ನಿಮ್ಮಪ್ಪನೂ ಹೀಗೆ ಕೂಗಿದ್ದಿಲ್ಲ ಕಣೋ ಮಗಾ. ಅಯೋನ್‌ನ ಇಟ್ಟಾಯ್ತಾ? ವರ್ಲ್ ಹೊಲಿಗೆ ಬಿಟ್ಟಿದ್ನಾ?"

ಡಬ್ಬಿಯ ಅಂಚು ಪಕ್ಕೆಲುಬಿಗೆ ಒತ್ತುತ್ತಿತ್ತು.

"ಇಟ್ಟಾಯ್ತು, ಮಿಸ್ ಒಪಲ್."

"ಎಲ್ಲಿ? ನನ್ ಕಣ್ಣು ಮೊದಲಿನ ಹಾಗಿಲ್ಲ. ಕೈ ಮಾಡಿ ತೋರ್ಸು."

ಅವನು ಬಲಗೈ ಚಾಚಿದ. ಕಾರ್ಖಾನೆಯಲ್ಲಿ ನೇಯ್ದ ಬಿಳಿ ನೂಲಿನ ಮೇಲೆ ಬೆರಳು ಅತ್ತಿತ್ತ ಅಲೆದು, ಒಂದು ಜಾಗವನ್ನು ಆರಿಸಿಕೊಂಡು ನಿಂತಿತು. "ಅಲ್ಲಿ. ಎಡತುದಿಯಿಂದ ಈಚೆಗೆ."

ಮಿಸ್ ಒಪಲ್ ಕಣ್ಣು ಕಿರಿದು ಮಾಡಿ ನೋಡಿದಳು, ತುಂಬಾ ಹೊತ್ತು. "ಹೂಂ," ಎಂದಳು ಕೊನೆಗೆ. "ಕಾಣ್ತಾ ಇದೆ. ಅಲ್ಲಿ ಒಂಚೂರು ಬೂದು ಬಣ್ಣ. ಪಕ್ಕದಲ್ಲೇ ನಮ್ ರಸಲ್." ಅವಳ ಮೂಗು ಕೆಂಪಾಗಿತ್ತು, ಮುಖ ಸಂತೋಷವಾಗಿತ್ತು. "ನನ್ನನ್ನೂ ಅಲ್ಲೇ ಹಾಕೋಕೆ ವರ್ಲ್‌ಗೆ ಹೇಳ್ತೀಯಾ? ಇನ್ನೇನು ಜಾಸ್ತಿ ದಿನ ಇಲ್ಲ ನಾನು. ನಿನ್ ಮಾತಾದ್ರೆ ಕೇಳ್ತಾನೆ ಅವ್ನು."

ಕೆಳಗೆ ಶಿಳ್ಳೆ ಊದಿದರು. ಹಳದಿ ಅಂಗಿಯವರು ಸಾಲುಗಟ್ಟಿ ಬಾಗಿ ನಿಂತರು.

"ಹೇಳ್ತೀನಿ," ಎಂದ ಡೆಲ್ಮರ್.